ಹೋಬಿಯ ಬೆಳ್ಳಿಯ ಬಟ್ಟಲುಗಳು

ಗ್ರೀಕ್ ಪುರಾಣಕಥೆಗಳನ್ನು ಕೆತ್ತಿದ ಪ್ರಾಚೀನ ಬೆಳ್ಳಿಯ ಪಾತ್ರೆಗಳಲ್ಲಿ ಉಳಿದು ಬಂದಿರುವುವು ವಿರಳ. ಬೆಳ್ಳಿಯನ್ನು ಕರಗಿಸಿ ನಾಣ್ಯ ಮಾಡುವುದು ಸುಲಭವಷ್ಟೆ! ಉಳಿದವುಗಳಲ್ಲಿ ಹಲವು ಪರದೇಶದ ಮಣ್ಣಿನಲ್ಲಿಯೇ ದೊರೆತಿವೆ. ಡೆನ್ಮಾರ್ಕಿನ ಲೋಲಂಡ್ ದ್ವೀಪದ ಹೋಬಿ ಎಂಬಲ್ಲಿ, 1920ರಲ್ಲಿ, ನಾಯಕನೊಬ್ಬನ ಸಮಾಧಿಯಿಂದ ಹೊರಬಂದ ಜೋಡಿ ಬಟ್ಟಲುಗಳು ಅಂಥವು. ಅವು ರೋಮನ್ ಚಕ್ರಾಧಿಪತ್ಯದ ಆರಂಭಕಾಲದ ಕೃತಿಗಳು. ಆದರೆ ಕಥೆ ಗ್ರೀಕರದು. ಅವುಗಳ ಮೇಲಿರುವ 'ಖೈರಿಸೋಫೋಸ್' ಎಂಬ ಅಂಕಿತವೂ ಗ್ರೀಕ್ ಹೆಸರೇ. 'ಕೈಯಲ್ಲಿ ಜಾಣ' ಎಂದು ಅದರ ಅರ್ಥ.

ಮೊದಲ ಬಟ್ಟಲಿನ ವಸ್ತು 'ಇಲಿಯಡ್' ಕಾವ್ಯದ 24ನೆಯ ಸರ್ಗದ್ದು. ಮಗನಾದ ಹೆಕ್ಟರನ ಶವವನ್ನು ಬೇಡಲು ಬಂದ ವೃದ್ಧ ಪ್ರಿಯಾಮ, ಕೊಂದ ಅಕಿಲೀಸನ ಮುಂದೆಯೇ ಮಂಡಿಯೂರಿ ಆ ಕೈಯನ್ನು ಚುಂಬಿಸುತ್ತಾನೆ. ಹೋಮರನಲ್ಲಿ ಮುಂದಿನ ಕ್ಷಣವೇ ಅಕಿಲೀಸನಿಗೆ ತನ್ನ ತಂದೆಯ ನೆನಪಾಗಿ, ಇಬ್ಬರೂ ಕೂಡಿ ಅಳುತ್ತಾರೆ. ಶಿಲ್ಪಿ ಆ ಕಣ್ಣೀರಿಗೆ ಮುನ್ನವೇ ನಿಂತಿದ್ದಾನೆ. ಅಕಿಲೀಸನ ಮುಖದಲ್ಲಿ ರೋಮನ್ ಚಕ್ರವರ್ತಿಯ ಹೋಲಿಕೆಯನ್ನು ಕಂಡ ವಿದ್ವಾಂಸರು, ಇದನ್ನು ಶರಣಾಗತಿಯ ಚಿತ್ರವೆಂದು ವ್ಯಾಖ್ಯಾನಿಸಿದ್ದಾರೆ. ಬಟ್ಟಲುಗಳ ಅಡಿಯಲ್ಲಿ 'ಸಿಲಿಯಸ್' ಎಂಬ ಹೆಸರು ಗೀರಲ್ಪಟ್ಟಿದೆ, ಕ್ರಿ.ಶ. 14ರಿಂದ 21ರವರೆಗೆ ಗೈಯಸ್ ಸಿಲಿಯಸ್ ಎಂಬವನು ಮೇಲಣ ಜರ್ಮೇನಿಯದ ಸೇನಾಧಿಪತಿಯಾಗಿದ್ದನು. ಅವನಿಂದ ಉತ್ತರದ ನಾಯಕನಿಗೆ ಬಂದ ಉಡುಗೊರೆ ಇದೆಂಬ ಊಹೆಯೂ ಈ ವ್ಯಾಖ್ಯಾನಕ್ಕೆ ಪುಷ್ಟಿ ಕೊಡುತ್ತದೆ.

ಇದು ಅಸಾಧುವಲ್ಲ, ಆದರೆ ಅಪೂರ್ಣ. ಜೋಡಿಯ ಎರಡನೆಯ ಬಟ್ಟಲನ್ನು ನೋಡದೆ ಮೊದಲನೆಯದರ ತಾತ್ಪರ್ಯವನ್ನು ನಿರ್ಣಯಿಸಲಾಗದು. ಅಲ್ಲಿರುವವನು ಫಿಲೊಕ್ಟೆಟೀಸ್. ಬಿ.ಎಂ.ಶ್ರೀ. ಅವರ 'ಅಶ್ವತ್ಥಾಮನ್' ಮೂಲಕ ಸೋಫೋಕ್ಲೀಸನ ಪರಿಚಯವುಳ್ಳ ಕನ್ನಡಿಗರು ಆ ನಾಟಕಕಾರನು ಈತನನ್ನು ಕುರಿತೂ ಬರೆದನೆಂಬುದನ್ನು ಸ್ಮರಿಸಬಹುದು. ಹಾವು ಕಚ್ಚಿ ಕಾಲು ಕೊಳೆತ ಈ ವೀರನನ್ನು ಗ್ರೀಕರು ಲೆಮ್ನೋಸ್ ದ್ವೀಪದಲ್ಲಿ ತೊರೆದುಹೋದರು. ಕಡೆಗೆ ಅವನ ಬಿಲ್ಲಿಲ್ಲದೆ ಟ್ರಾಯ್ ಬೀಳದೆಂದು ತಿಳಿದಾಗ, ಒಡಿಸ್ಯೂಸನೇ ಅವನ ಬಳಿಗೆ ಬರಬೇಕಾಯಿತು. ಮೊದಲ ಬಟ್ಟಲಿನಲ್ಲಿ ಸೋತವನು ಗೆದ್ದವನನ್ನು ಬೇಡುತ್ತಾನೆ. ಇಲ್ಲಿ ಬಲಶಾಲಿಯು ತಾನು ತೊರೆದವನ ಮನಸ್ಸನ್ನು ಒಲಿಸಿಕೊಳ್ಳಲು ಮಾತಿನ ಜಾಣ್ಮೆಯನ್ನೆಲ್ಲ ವೆಚ್ಚಮಾಡುತ್ತಾನೆ.

ಹೋಮರನ ಕರುಣರಸವನ್ನು ಶಿಲ್ಪಿ ಪೂರ್ಣವಾಗಿ ತಂದಿಲ್ಲವೆಂಬ ಕೊರತೆ ನಿಜ. ಆದರೂ ಗೆಲವಿನ ಅಹಂಕಾರವನ್ನೇ ಅವನು ಕೊಂಡಾಡಿದನೆನ್ನುವುದು ಅನ್ಯಾಯ. ಒಂದು ಬಟ್ಟಲು ಹೇಳಿದ್ದಕ್ಕೆ ಇನ್ನೊಂದು ಉತ್ತರ ಕೊಡುತ್ತಿದೆ.