ದಾಲೆತ್ ಮತ್ತು ರೇಶ್: ಮನೆಯ ಇಬ್ರಿಯ ಪಾಠ ಕುರಿತು ಒಂದು ವಿಮರ್ಶೆ

ಸೆಮಿನರಿಯಲ್ಲಿ ಇಬ್ರಿಯ ಭಾಷೆಯನ್ನು ಅಭ್ಯಸಿಸಿದವರು ಚಾಮರಾಜನಗರಕ್ಕೋ ಗುಂಡ್ಲುಪೇಟೆಗೋ ಸಭಾಸೇವೆಗೆ ಹೋದಾಗ, ತಮ್ಮ ಮಕ್ಕಳಿಗೂ ಒಂದೆರಡು ವಚನಗಳನ್ನು ಮೂಲಭಾಷೆಯಲ್ಲೇ ಓದಿಸಬೇಕೆಂದು ಬಯಸುವುದು ಸಹಜ. ಅಂಥ ಊರುಗಳಲ್ಲಿ ಈ ಕಲಿಕೆಗೆ ಮನೆಯೇ ಶಾಲೆ, ತಂದೆತಾಯಿಗಳೇ ಉಪಾಧ್ಯಾಯರು. ಅವರು ತಾವು ಕಲಿತ ಕ್ರಮದಲ್ಲೇ ಕಲಿಸುತ್ತಾರೆ: ಮೊದಲು 22 ಅಕ್ಷರಗಳ ಪಟ್ಟಿ, ಬಳಿಕ ಸ್ವರಚಿಹ್ನೆಗಳು, ಕಡೆಗೆ ತಡವರಿಸದ ಓದು. ಡಿಸ್ಲೆಕ್ಸಿಯಾ ಇರುವ ಮಗುವು ಇದರ ಮೊದಲ ಮೆಟ್ಟಿಲಲ್ಲೇ ನಿಂತುಬಿಡಬಹುದು. ಆಗ ನಾವು ಮಗುವನ್ನು ಪರೀಕ್ಷಿಸುತ್ತೇವೆಯೇ ಹೊರತು ಕ್ರಮವನ್ನಲ್ಲ. ಪರೀಕ್ಷೆಗೆ ಒಳಗಾಗಬೇಕಾದದ್ದು ಕ್ರಮವೇ; ಅದಕ್ಕೆ ಸಾಕ್ಷಿಯು ಇಬ್ರಿಯ ಶಾಸ್ತ್ರದ ಪುಟಗಳಲ್ಲೇ ಇದೆ.

ಡಿಸ್ಲೆಕ್ಸಿಯಾ ಬುದ್ಧಿಯ ಕೊರತೆಯಲ್ಲ, ಸೋಮಾರಿತನವಲ್ಲ, ಭಕ್ತಿಯ ಅಭಾವವಂತೂ ಅಲ್ಲ. ಮಾತಿನ ಧ್ವನಿಗಳನ್ನು ಬಿಡಿಸಿ ಅಕ್ಷರಗಳೊಡನೆ ಜೋಡಿಸುವಲ್ಲಿನ ತೊಡಕೇ ಬಹುಪಾಲು ಅದರ ಬೇರು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಇದನ್ನು ನಿರ್ದಿಷ್ಟ ಕಲಿಕಾ ನ್ಯೂನತೆಗಳಲ್ಲಿ ಒಂದಾಗಿ ಹೆಸರಿಸಿದೆ. ಬರೆದುದನ್ನು ಬಹುಮಟ್ಟಿಗೆ ಬರೆದಂತೆಯೇ ಉಚ್ಚರಿಸುವ ಲಿಪಿಗಳಲ್ಲಿ ಈ ತೊಡಕು ತಪ್ಪು ಓದಿಗಿಂತ ಹೆಚ್ಚಾಗಿ ನಿಧಾನದ ಓದಾಗಿ ಕಾಣಿಸಿಕೊಳ್ಳುತ್ತದೆ. ಕನ್ನಡವೂ ಸ್ವರಚಿಹ್ನೆಗಳುಳ್ಳ ಇಬ್ರಿಯವೂ ಅಂಥವೇ. ಆದ್ದರಿಂದ ಮನೆಯವರು ಆ ನಿಧಾನವನ್ನು ಉದಾಸೀನವೆಂದು ಭಾವಿಸುವ ಅಪಾಯವುಂಟು.

ಅಕ್ಷರಗಳ ಗೊಂದಲವನ್ನೇ ನೋಡೋಣ. ದಾಲೆತ್ ಮತ್ತು ರೇಶ್ ಅಕ್ಷರಗಳಿಗಿರುವ ಭೇದ ಮೇಲಿನ ಬಲಮೂಲೆಯಲ್ಲಿ ಮಾತ್ರ: ಒಂದರಲ್ಲಿ ಅದು ಚೂಪು, ಇನ್ನೊಂದರಲ್ಲಿ ದುಂಡು. ಮಸೋರ ಪಾಠದ 2 ಸಮುವೇಲ 8:13ರಲ್ಲಿ ಅರಾಮ್ ಎಂದಿರುವುದು 1 ಪೂರ್ವಕಾಲವೃತ್ತಾಂತ 18:12ರಲ್ಲಿ ಎದೋಮ್ ಎಂದಿದೆ. ಆದಿಕಾಂಡ 10:4ರ ದೋದಾನೀಮ್ 1 ಪೂರ್ವಕಾಲವೃತ್ತಾಂತ 1:7ರಲ್ಲಿ ರೋದಾನೀಮ್ ಆಗಿದೆ. ಪಾಠವಿಮರ್ಶಕರು ಇವನ್ನು ಈ ಎರಡು ಅಕ್ಷರಗಳ ಹೋಲಿಕೆಯಿಂದ ವಿವರಿಸುತ್ತಾರೆ. ಲಿಪಿಕಾರರಿಗೆ ಡಿಸ್ಲೆಕ್ಸಿಯಾ ಇತ್ತೆಂದು ಇದರರ್ಥವಲ್ಲ. ಆದರೆ ನುರಿತವರ ಕಣ್ಣೂ ಎಡವಿದ ಎಡೆಯಲ್ಲಿ ಮಗುವು ಎಡವಿದರೆ ಅದನ್ನು ಗದರಿಸುವ ಅಧಿಕಾರ ನಮಗೆಲ್ಲಿಯದು?

ಈ ತೊಡಕಿಗೆ ಸಂಪ್ರದಾಯವು ಕೊಟ್ಟ ಉತ್ತರ ಗಮನಾರ್ಹವಾದುದು. ಧರ್ಮೋಪದೇಶಕಾಂಡ 6:4ರ ‘ಎಹಾದ್’ (ಒಬ್ಬನೇ) ಎಂಬ ಪದದ ದಾಲೆತ್ತನ್ನು ದೊಡ್ಡದಾಗಿ ಬರೆಯುವ ರೂಢಿಯಿದೆ. ಅದು ರೇಶ್ ಆದರೆ ಪದವು ‘ಅಹೇರ್’, ಅಂದರೆ ‘ಬೇರೊಬ್ಬ’ ಎಂದಾಗಿಬಿಡುತ್ತದೆ. ಆ ತಪ್ಪನ್ನು ತಡೆಯಲೆಂದೇ ಈ ರೂಢಿ ಬಂದಿತೆಂಬುದು ಹಳೆಯ ವಿವರಣೆ. ತಿಬೇರಿಯದ ಮಸೋರರು ಪರಂಪರೆಯಿಂದ ಬಂದ ವ್ಯಂಜನಗಳನ್ನು ಮುಟ್ಟದೆ ಅವುಗಳ ಸುತ್ತ ಸ್ವರಚಿಹ್ನೆಗಳನ್ನಿಟ್ಟದ್ದೂ ಇದೇ ಮನೋಧರ್ಮದಿಂದ. ಓದುಗನಿಗೆ ನೆರವಾಗುವುದೂ ವಾಕ್ಯವನ್ನು ಕಾಪಾಡುವ ಒಂದು ಬಗೆಯೆಂದು ಅವರು ಬಲ್ಲವರಾಗಿದ್ದರು.

ಆದರೂ ಅವರ ನೆರವು ನಮ್ಮ ಮಗುವಿಗೆ ಇದ್ದಂತೆಯೇ ಒದಗದು. 1008ರ ಲೆನಿನ್‌ಗ್ರಾಡ್ ಹಸ್ತಪ್ರತಿಯನ್ನು ಆಧರಿಸಿ ಅಚ್ಚಾದ ನಮ್ಮ ಅಧ್ಯಯನದ ಪುಟದಲ್ಲಿ ಸ್ವರಚಿಹ್ನೆಗಳೊಡನೆ ಗಾಯನಚಿಹ್ನೆಗಳೂ ಟಿಪ್ಪಣಿಗಳೂ ಕಿಕ್ಕಿರಿದಿವೆ. ಅದು ವಿದ್ವಾಂಸರ ಪುಟ. ಕನ್ನಡ ಲಿಪ್ಯಂತರವೂ ಸುಲಭದ ಪರಿಹಾರವಲ್ಲ: ಕನ್ನಡ ಓದಿನಲ್ಲಿಯೇ ಬಳಲುವ ಮಗುವಿಗೆ ಅದು ಎರಡನೆಯ ಹೊರೆ. ಕಾಗುಣಿತದ ಅನುಭವ ಮಾತ್ರ ನಿಜವಾದ ಸೇತುವೆಯಾಗಬಲ್ಲುದು. ವ್ಯಂಜನಕ್ಕೆ ಚಿಹ್ನೆ ಸೇರಿ ಸ್ವರ ಬದಲಾಗುವುದು ಕನ್ನಡದ ಮಗುವಿಗೆ ಹೊಸತಲ್ಲ. ಬಲದಿಂದ ಎಡಕ್ಕೆ ಸಾಗುವುದಷ್ಟೇ ಹೊಸತು.

ಕ್ರಮ ಹೇಗಿರಬೇಕೆಂಬುದಕ್ಕೆ ಧರ್ಮೋಪದೇಶಕಾಂಡ 6ನೆಯ ಅಧ್ಯಾಯವೇ ಸೂಚನೆ ಕೊಡುತ್ತದೆ. ಅಲ್ಲಿ ಮೊದಲು ಕೇಳುವಿಕೆ, ಬಳಿಕ ಹೃದಯ, ಆಮೇಲೆ ಮನೆಯಲ್ಲಿಯೂ ದಾರಿಯಲ್ಲಿಯೂ ಮಕ್ಕಳೊಡನೆ ಮಾತು, ಬಾಗಿಲ ನಿಲುವುಗಳ ಮೇಲಿನ ಬರಹ ಕಟ್ಟಕಡೆಗೆ. ಓದು ಎಂಬುದಕ್ಕೆ ಇಬ್ರಿಯರು ಬಳಸುವ ‘ಕಾರಾ’ ಎಂಬ ಧಾತುವಿಗೆ ಕೂಗಿ ಕರೆಯುವುದೆಂದೂ ಅರ್ಥ. ಮಲೆ ಮಾದೇಶ್ವರನ ಕಾವ್ಯವನ್ನು ಕಂಸಾಳೆಯವರೂ ಮಂಟೇಸ್ವಾಮಿ ಕಾವ್ಯವನ್ನು ನೀಲಗಾರರೂ ಬಾಯಿಂದ ಬಾಯಿಗೆ ಉಳಿಸಿಕೊಂಡು ಬಂದ ಸೀಮೆಗೆ ಕಿವಿಯ ಕಲಿಕೆಯ ಘನತೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಈ ನೆಪದಲ್ಲಿ ಮಗುವಿಗೆ ಅಕ್ಷರವನ್ನೇ ತಪ್ಪಿಸುವುದು ಇನ್ನೊಂದು ಅನ್ಯಾಯವಾದೀತು. ಕಿವಿಯು ಅಕ್ಷರಕ್ಕೆ ದಾರಿಯಾಗಬೇಕು, ಅಕ್ಷರದ ಬದಲಿಯಾಗಬಾರದು.

ಆದ್ದರಿಂದ ಮನೆಯಲ್ಲಿ ‘ಶೆಮಾ’ದ ಒಂದೇ ವಚನವನ್ನು ಮೊದಲು ಬಾಯಿಪಾಠವಾಗುವಷ್ಟು ಹೇಳಿಸಲಿ. ಮಗುವಿಗೆ ಅದಾಗಲೇ ಪರಿಚಿತವಾದ ಪದದಲ್ಲಿ ಒಂದೊಂದೇ ಅಕ್ಷರವನ್ನು ತೋರಿಸಲಿ. ಹಿಂದೆ ನಮ್ಮಲ್ಲಿ ಮರಳಿನ ಮೇಲೆ ತಿದ್ದಿಸುತ್ತಿದ್ದಂತೆ, ಧ್ವನಿಯನ್ನು ಉಚ್ಚರಿಸುತ್ತ ಬೆರಳಿನಿಂದ ತಿದ್ದಿಸಲಿ. ದಾಲೆತ್ ಗಟ್ಟಿಯಾಗುವ ತನಕ ರೇಶ್ ಕಾಯಲಿ. ಅಕ್ಷರ ದೊಡ್ಡದಾಗಿರಲಿ, ಗಾಯನಚಿಹ್ನೆಗಳು ಬೇಡ. ಸರದಿಯ ಮೇಲೆ ಎಲ್ಲರೆದುರು ಓದಿಸುವುದಂತೂ ಬೇಡವೇ ಬೇಡ. ಮಗುವು ಕನ್ನಡದಲ್ಲಿಯೇ ಕಷ್ಟಪಡುತ್ತಿದ್ದರೆ ಇಬ್ರಿಯ ತಡವಾಗಲಿ. ಅದು ತಂದೆತಾಯಿಯರ ಪ್ರತಿಷ್ಠೆಗಾಗಿ ನಡೆಯುವ ಪಾಠವಲ್ಲ.

ನೆಹೆಮೀಯ 8:8ರಲ್ಲಿ ಓದಿದವರ ಹೊಣೆ ಓದಿನೊಂದಿಗೆ ಮುಗಿಯಲಿಲ್ಲ. ಕೇಳಿದವರು ತಿಳಿಯುವಂತೆ ಅವರು ಅರ್ಥವನ್ನು ಬಿಡಿಸಿ ಹೇಳಿದರು. ನಮ್ಮ ಹೊಣೆಯೂ ಅಷ್ಟೇ ದೊಡ್ಡದು. ತಡವರಿಸಿ ಓದುವ ಮಗುವು ದೇವರ ವಾಕ್ಯ ತನಗಲ್ಲವೆಂದು ಒಮ್ಮೆ ತೀರ್ಮಾನಿಸಿಬಿಟ್ಟರೆ, ಮುಂದೆ ಯಾವ ಪ್ರಸಂಗವೂ ಆ ತೀರ್ಮಾನವನ್ನು ಸುಲಭವಾಗಿ ಅಳಿಸಲಾರದು.