ಬಣ್ಣವಳಿದ ನೀರು: ಒಂದು ವಿಮರ್ಶೆ

ತ್ಯಾಜ್ಯಜಲದಿಂದ ಕೃತಕ ಬಣ್ಣವನ್ನು ತೆಗೆಯುವ ವಿಧಾನಗಳನ್ನು ಕುರಿತು ಹಲವು ದಶಕಗಳಿಂದ ಪ್ರಬಂಧಗಳು ಹೊರಬರುತ್ತಲಿವೆ. ಇತಿಹಾಸದ ಅಧ್ಯಾಪಕರಾದ ನಮಗೆ ಇದರಲ್ಲಿ ಏನು ಕೆಲಸವೆಂದು ವಾಚಕರು ಕೇಳಬಹುದು. ಶಾಸನವನ್ನು ಓದುವಾಗ ಅದು ಹೇಳಿದುದರೊಡನೆ ಹೇಳದೆ ಬಿಟ್ಟುದನ್ನೂ ಗಮನಿಸುವುದು ನಮ್ಮ ಅಭ್ಯಾಸ. ಈ ಪ್ರಬಂಧಗಳನ್ನೂ ಅದೇ ರೀತಿಯಲ್ಲಿ ಪರಿಶೀಲಿಸಬಯಸುತ್ತೇವೆ.

ಇವುಗಳ ಮಾದರಿ ಬಹುಮಟ್ಟಿಗೆ ಒಂದೇ. ಮೆಥಿಲೀನ್ ನೀಲಿಯನ್ನೋ ಕಾಂಗೋ ಕೆಂಪನ್ನೋ ಭಟ್ಟಿಯಿಳಿಸಿದ ನೀರಿನಲ್ಲಿ ಕರಗಿಸಿ, ಯಾವುದಾದರೊಂದು ಹೊಟ್ಟಿನ ಪುಡಿಯನ್ನು ಹಾಕಿ ಕುಲುಕುತ್ತಾರೆ. ಬಣ್ಣವು ಪುಡಿಯ ಮೈಗೆ ಅಂಟಿಕೊಳ್ಳುತ್ತದೆ; ನೀರು ತಿಳಿಯಾಗುತ್ತದೆ. ಪ್ರಯೋಗವೇನೋ ಸತ್ಯವೇ. ಆದರೆ ಬಣ್ಣದ ಕಾರ್ಖಾನೆಯಿಂದ ಹೊರಬೀಳುವ ನೀರಿನಲ್ಲಿ ಉಪ್ಪು, ಸೋಡಾ, ಗಂಜಿ, ಸಾಬೂನುಗಳೆಲ್ಲ ಕೂಡಿರುತ್ತವೆ. ಅವು ಪುಡಿಯ ಕೆಲಸಕ್ಕೆ ಅಡ್ಡಬರುವುದುಂಟು.

ಹೊಟ್ಟನ್ನು ಬೆಲೆಯಿಲ್ಲದ ಕೃಷಿತ್ಯಾಜ್ಯವೆಂದು ಕರೆಯುವ ರೂಢಿಯಂತೂ ನಮಗೆ ಸೋಜಿಗವನ್ನುಂಟುಮಾಡುತ್ತದೆ. ಆಳಂದ, ಅಫಜಲಪುರ, ಜೇವರ್ಗಿಗಳ ತೊಗರಿ ಸೀಮೆಯಲ್ಲಿ ತೊಗರಿಯ ಹೊಟ್ಟು ದನಗಳ ಮೇವು. ಅದರ ಕಟ್ಟಿಗೆ ಒಲೆಯ ಉರುವಲು. ಇದನ್ನು ಬೆಲೆಯಿಲ್ಲದ್ದೆಂದು ಬರೆಯುವವರು ನಮ್ಮ ಸೀಮೆಯ ದನದ ಕೊಟ್ಟಿಗೆಯನ್ನು ಕಂಡವರಲ್ಲ! ಅದಿರಲಿ, ಬಣ್ಣ ಹೀರಿದ ಹೊಟ್ಟನ್ನು ಮುಂದೆ ಎಲ್ಲಿಗೆ ಸಾಗಿಸಬೇಕು? ಬಣ್ಣವು ನಾಶವಾಗದೆ ನೀರಿನಿಂದ ಹೊಟ್ಟಿಗೆ ಸ್ಥಳಾಂತರಗೊಂಡಿದೆಯಷ್ಟೆ. ಹೊಲದ ಬದುವಿಗೆ ಸುರಿದರೆ ಮಳೆಗೆ ಮತ್ತೆ ತೊಳೆದುಬರುವ ಸಂಭವವಿದೆ.

ಸೂಕ್ಷ್ಮಜೀವಿಗಳಿಂದ ಬಣ್ಣವನ್ನು ಒಡೆಯಿಸುವ ವಿಧಾನದಲ್ಲಿ ಇನ್ನೂ ಗಹನವಾದ ತೊಡಕಿದೆ. ಗಾಳಿಯಾಡದ ತೊಟ್ಟಿಯಲ್ಲಿ ಅಜೋ ವರ್ಗದ ಬಣ್ಣಗಳು ಒಡೆದು ಬಣ್ಣವಿಲ್ಲದ ಅಮೀನುಗಳಾಗುತ್ತವೆ. ಕಾಂಗೋ ಕೆಂಪು ಒಡೆದರೆ ಬೆಂಜಿಡೀನ್ ಹುಟ್ಟುತ್ತದೆ. ಅದು ಮೂತ್ರಕೋಶದ ಕ್ಯಾನ್ಸರಿಗೆ ಕಾರಣವೆಂಬುದು ಸಿದ್ಧವಾದ ವಿಷಯ. ಭಾರತ ಸರಕಾರವು ಇಂತಹ 112 ಬಣ್ಣಗಳನ್ನು ನಿಷೇಧಿಸಿತು. ಒಡೆದ ನೀರನ್ನು ಮತ್ತೆ ಗಾಳಿಯಾಡಿಸಿ ಸಂಸ್ಕರಿಸಿದರೆ ಅನೇಕ ಅಮೀನುಗಳು ಕರಗಿಹೋಗುತ್ತವೆ. ಆದರೆ ಬಣ್ಣ ಹೋದೊಡನೆಯೇ ಫಲಿತಾಂಶ ಬರೆದು ಮುಗಿಸುವ ಪ್ರಬಂಧವು ಆ ಎರಡನೆಯ ಹೆಜ್ಜೆಯನ್ನೇ ಇಡುವುದಿಲ್ಲ.

ಇದರ ಮೂಲವು ವ್ಯಾಪಾರದ ಚರಿತ್ರೆಯಲ್ಲಿದೆ. 1856ರಲ್ಲಿ ಪರ್ಕಿನ್ ಕೃತಕ ಬಣ್ಣವನ್ನು ಕಂಡುಹಿಡಿದಂದಿನಿಂದ ಕೊಳ್ಳುವವನು ಬಯಸಿದ್ದು ಪಕ್ಕಾ ಬಣ್ಣವನ್ನು: ಬಿಸಿಲಿಗೆ ಮಾಸಬಾರದು, ಒಗೆತಕ್ಕೆ ಬಿಡಬಾರದು. ಅಂಗಡಿಯಲ್ಲಿ ಗುಣವೆನಿಸಿದ ಈ ಬಾಳಿಕೆಯೇ ಹೊಳೆಯಲ್ಲಿ ದೋಷವಾಯಿತು.

ಈ ಮೂರು ತಾಲ್ಲೂಕುಗಳು ನೇಯ್ಗೆಗೆ ಹೆಸರಾದವಲ್ಲ. ಆದರೆ ಚಾದರಗಳಿಗೆ ಪ್ರಸಿದ್ಧವಾದ ಸೋಲಾಪುರದ ಪಕ್ಕದಲ್ಲಿ ಹರಿಯುವ ಸೀನಾ ನದಿಯು ಕುಡಲದಲ್ಲಿ ಭೀಮೆಯನ್ನು ಕೂಡುತ್ತದೆ. ಭೀಮೆ ಅಫಜಲಪುರಕ್ಕೆ ಬರುತ್ತದೆ. ಆಳಂದದ ಅಮರ್ಜಾ ಗಾಣಗಾಪುರದ ಸಂಗಮದಲ್ಲಿ ಅದನ್ನು ಸೇರುತ್ತದೆ. ಅಲ್ಲಿ ಯಾತ್ರಿಕರು ಮೀಯುತ್ತಾರೆ. ಮುಂದೆ ಜೇವರ್ಗಿಯ ಹಳ್ಳಿಗಳಿವೆ. 1974ರ ಜಲ ಕಾಯಿದೆಯು ರಾಜ್ಯಕ್ಕೊಂದು ಮಂಡಲಿಯನ್ನು ಕಲ್ಪಿಸಿತು. ನದಿಯಾದರೋ ಮಹಾರಾಷ್ಟ್ರದಿಂದ ಕರ್ನಾಟಕಕ್ಕೆ ಕೇಳದೆ ದಾಟುತ್ತದೆ.

ಆದುದರಿಂದ ಮುಂದಿನ ಪ್ರಬಂಧಕಾರರಲ್ಲಿ ನಮ್ಮ ಬೇಡಿಕೆಯಿಷ್ಟು: ಭೀಮೆ ಸೊರಗುವ ಏಪ್ರಿಲಿನಲ್ಲಿ ಸಂಗಮದ ನೀರನ್ನೇ ತಂದು ಪರೀಕ್ಷಿಸಲಿ, ಬಣ್ಣದ ಅಂಕಿಯ ಪಕ್ಕದಲ್ಲಿ ಉಪ್ಪಿನ ಮತ್ತು ಅಮೀನಿನ ಅಂಕಿಗಳನ್ನೂ ಕೊಡಲಿ, ಬಳಸಿದ ಹೊಟ್ಟಿನ ಗತಿಯೇನಾಯಿತೆಂಬುದಕ್ಕೆ ಕೋಷ್ಟಕದಲ್ಲಿ ಒಂದು ಕಾಲಮನ್ನು ಬಿಡಲಿ.