ತಂಪು ಕತ್ತಲಿನ ಉಗ್ರಾಣ

ಹಳೆಯ ಮನೆಯ ಉಗ್ರಾಣದ ಬಾಗಿಲು ತೆರೆದರೆ ಮೊದಲು ಎದುರಾಗುತ್ತಿದ್ದದ್ದು ವಾಸನೆ: ಬೆಲ್ಲ, ಇಂಗು, ಒಣಮೆಣಸಿನಕಾಯಿ, ಗೋಣಿತಾಟು ಎಲ್ಲ ಬೆರೆತದ್ದು. ಇದ್ದದ್ದು ಒಂದೇ ಬೆಳಕಿಂಡಿ. ಕಾಳುಕಡಿಗೆ ಬೇಕಾದ್ದೂ ಆ ತಂಪು, ಆ ಮಬ್ಬೇ.

ಅಲ್ಲಿನ ಜೋಡಣೆಯಲ್ಲಿ ಎಷ್ಟೊಂದು ತಿಳಿವಳಿಕೆಯಿತ್ತು! ಅಕ್ಕಿಮೂಟೆ ನೆಲಕ್ಕೆ ತಾಗದಂತೆ ಹಲಗೆಯ ಮೇಲೆ. ತೇವ ಹಿಡಿಯದಂತೆ ಗೋಡೆಯಿಂದ ಗೇಣು ದೂರ. ಅಕ್ಕಿಯೊಳಗೆ ಒಣಗಿಸಿದ ಬೇವಿನೆಲೆ. ತೊಗರಿಬೇಳೆಯ ಡಬ್ಬಕ್ಕೆ ಕೈ ಹಾಕಿದರೆ ಬೆರಳಿಗೆ ಹರಳೆಣ್ಣೆಯ ತೆಳು ಜಿಡ್ಡು. ಹುಳು ದೂರವಿಡಲು ಅಜ್ಜಿ ಸೇರಿಗಿಷ್ಟೆಂದು ಅಂಗೈಯಲ್ಲೇ ಅಳೆದು ಸವರಿದ್ದು ಅದು. ಮಿಡಿ ಉಪ್ಪಿನಕಾಯಿಯ ಭರಣಿ ಮಾತ್ರ ಕೈಗೆ ಸುಲಭವಾಗಿ ಸಿಗದ ಮೂಲೆಯಲ್ಲಿ, ಬಾಯಿಗೆ ಬಿಳಿ ಬಟ್ಟೆ ಬಿಗಿದುಕೊಂಡು. ಒದ್ದೆ ಸೌಟು ಅದರ ಹತ್ತಿರ ಸುಳಿಯುವಂತಿರಲಿಲ್ಲ.

ಇಂದಿನ ಪ್ಯಾಂಟ್ರಿಯ ಗಾಜಿನ ಡಬ್ಬಿ, ಲೇಬಲ್ಲು ನನಗೂ ಇಷ್ಟವೇ. ಆದರೆ ಹಳಬರ ನಿಯಮವೇ ದೊಡ್ಡದು: ಹಳೆಯದು ಮುಂದೆ, ಹೊಸದು ಹಿಂದೆ; ಡಬ್ಬಿ ತೊಳೆದು ಒಣಗಿಸದೆ ಹೊಸ ಬೇಳೆ ಸುರಿಯಬಾರದು. ದಿನಾ ಬೇಕಾದ್ದು ಸೊಂಟದೆತ್ತರಕ್ಕೆ, ಹಬ್ಬದ ಪಾತ್ರೆ ಅಟ್ಟಕ್ಕೆ.

ಮನೆ ಕಟ್ಟಿಸುವವರಲ್ಲಿ ಒಂದು ವಿನಂತಿ: ಅಡುಗೆಮನೆಯ ಪಕ್ಕ, ಬಿಸಿಲು ಬೀಳದ ಕಡೆ, ನಾಲ್ಕಡಿ ಜಾಗವನ್ನಾದರೂ ಉಗ್ರಾಣಕ್ಕೆ ಬಿಡಿ.